ರೂಟ್ ಕೆನಾಲ್ ಯಾಕೆ ಬೇಕಾಗುತ್ತೆ? ಕ್ಲಿನಿಕ್ಕಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಒಂದು ತಾಲೂಕು ಕೇಂದ್ರದಲ್ಲಿ ಹಲ್ಲಿನ ಕ್ಲಿನಿಕ್ ನಡೆಸುವವಳು ನಾನು. ಕುರ್ಚಿಯಲ್ಲಿ ಬಾಯಿ ತೆರೆದು ಕೂತವರಿಗೆ ಪ್ರಶ್ನೆ ಕೇಳಲು ಆಗುವುದಿಲ್ಲ. ಕೇಳುವುದೆಲ್ಲ ಬಾಗಿಲ ಹತ್ತಿರ, ಚಪ್ಪಲಿ ಹಾಕಿಕೊಳ್ಳುತ್ತ. ಅಲ್ಲಿ ಅರ್ಧಂಬರ್ಧ ಹೇಳಿ ಕಳಿಸಿದ್ದನ್ನು ಇಲ್ಲಿ ಸಮಾಧಾನವಾಗಿ ಬರೆದಿದ್ದೇನೆ. ಪ್ರಶ್ನೆಗಳು ಜನ ಕೇಳಿದ ಮಾತಿನಲ್ಲೇ ಇವೆ.

ರೂಟ್ ಕೆನಾಲ್ ಅಂದ್ರೆ ನರ ಕೀಳೋದಾ?

ಹೆಚ್ಚುಕಡಿಮೆ ಹೌದು, ಆದರೆ ಬರೀ ನರ ಅಲ್ಲ. ಹಲ್ಲಿನ ಹೊರಗೆ ಎನಾಮಲ್ ಎಂಬ ಬಿಳಿ ಕವಚ ಇದೆ. ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ, ಮೂಳೆಯೂ ಅಷ್ಟು ಗಟ್ಟಿಯಲ್ಲ. ಅದರ ಒಳಗೆ ತುಸು ಹಳದಿಯ ಡೆಂಟಿನ್. ಎಲ್ಲಕ್ಕೂ ಒಳಗೆ ರಕ್ತನಾಳ, ನರ, ಜೀವಕೋಶಗಳು ಸೇರಿದ ಮೆತ್ತನೆಯ ತಿರುಳು. ಈ ತಿರುಳು ಬೇರಿನ ಒಳಗಿನ ಸಣ್ಣ ಕೊಳವೆಗಳಲ್ಲಿ ಇಳಿದು, ತುದಿಯ ಕಿರುರಂಧ್ರದಿಂದ ದವಡೆ ಮೂಳೆಗೆ ಸೇರುತ್ತದೆ. ಆ ಕೊಳವೆಗಳೇ ರೂಟ್ ಕೆನಾಲ್. ತಿರುಳು ಮತ್ತೆ ಸುಧಾರಿಸಲಾರದಷ್ಟು ಕೆಟ್ಟಾಗ ಅದನ್ನು ತೆಗೆದು, ಕೊಳವೆ ತೊಳೆದು, ತುಂಬಿ ಮುಚ್ಚುವುದೇ ಚಿಕಿತ್ಸೆ. ಹಲ್ಲು ಬಾಯಲ್ಲೇ ಉಳಿಯುತ್ತದೆ, ಅಗಿಯಲು ಬರುತ್ತದೆ.

ಒಂದು ಸಣ್ಣ ಕಪ್ಪು ಚುಕ್ಕೆ ಅಷ್ಟೇ ಇರೋದು. ಅದಕ್ಕೆ ರೂಟ್ ಕೆನಾಲಾ?

ಚುಕ್ಕೆಯನ್ನು ನೋಡಿ ಆಳ ಹೇಳಲಾಗದು. ಹುಳುಕು ಎನಾಮಲ್ ದಾಟುವಾಗ ತೂತಿನ ಬಾಯಿ ಚಿಕ್ಕದಾಗಿಯೇ ಇರುತ್ತದೆ. ಡೆಂಟಿನ್ ಮುಟ್ಟಿದ ಮೇಲೆ ಅಡ್ಡಡ್ಡ ಹರಡುತ್ತದೆ, ಗೆದ್ದಲು ತಿಂದ ಬಾಗಿಲಿನ ಹಾಗೆ. ಮೇಲೆ ಬಣ್ಣ ಚೆನ್ನಾಗಿರುತ್ತದೆ, ಬೆರಳಿಟ್ಟರೆ ಒಳಗೆ ಹೋಗುತ್ತದೆ. ಎರಡು ಹಲ್ಲುಗಳ ಸಂದಿಯಲ್ಲಿ ಹುಟ್ಟುವ ಹುಳುಕಂತೂ ಕನ್ನಡಿಯಲ್ಲಿ ಕಾಣುವುದೇ ಇಲ್ಲ, ಎಕ್ಸ್-ರೇಯಲ್ಲಿ ಸಿಗುತ್ತದೆ.

ನಾನು ಮಾಡುವ ರೂಟ್ ಕೆನಾಲ್‌ಗಳಲ್ಲಿ ಬಹುಪಾಲಿಗೆ ಕಾರಣ ಇದೇ: ಆಳಕ್ಕೆ ಇಳಿದ ಹುಳುಕು. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ನಂಥ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನು ತಾವೂ ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಸಕ್ಕರೆ ಎಷ್ಟು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎನ್ನುವುದು ಮುಖ್ಯ. ಮದುವೆ ಊಟದಲ್ಲಿ ಮೂರು ಹೋಳಿಗೆ ತಿಂದವರಿಗಿಂತ, ದಿನಕ್ಕೆ ಆರು ಸಲ ಸಿಹಿ ಚಹಾ ಕುಡಿಯುತ್ತ ಅಂಗಡಿಯಲ್ಲಿ ಕೂರುವವರ ಹಲ್ಲು ನನಗೆ ಹೆಚ್ಚು ಕೆಲಸ ಕೊಡುತ್ತದೆ.

ಹುಳ ತೆಗೀತಾರಂತಲ್ಲ, ಜಾತ್ರೇಲಿ ಒಬ್ಬ ತೆಗೆದು ತೋರಿಸಿದ್ದ?

ಹತ್ತಿಯಲ್ಲಿ ಹುಳವನ್ನು ಮೊದಲೇ ಸುತ್ತಿಟ್ಟುಕೊಂಡು ಬಂದಿರುತ್ತಾರೆ. ‘ಹುಳುಕು’ ಎನ್ನುವ ಮಾತಿನಲ್ಲೇ ಹುಳ ಕೂತಿರುವುದರಿಂದ ನಂಬುವುದೂ ಸುಲಭ. ಈ ನಂಬಿಕೆ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ ತನ್ನ ಗ್ರಂಥದಲ್ಲಿ ಹಲ್ಲಿನಲ್ಲಿ ಹುಳ ಕಾಣಲಿಲ್ಲ ಎಂದು ಬರೆಯಬೇಕಾಯಿತು. 1890ರಲ್ಲಿ ಬರ್ಲಿನ್‌ನಲ್ಲಿದ್ದ ಅಮೆರಿಕನ್ ದಂತವೈದ್ಯ ಮಿಲ್ಲರ್, ಬಾಯಿಯ ಸೂಕ್ಷ್ಮಜೀವಿಗಳ ಆಮ್ಲವೇ ಹಲ್ಲು ಕರಗಿಸುತ್ತದೆ ಎಂದು ವಿವರಿಸಿದ.

ತಿರುಳು ಸಾಯುವುದಕ್ಕೂ ಅವೇ ಕಾರಣ ಎನ್ನುವುದು ಗಟ್ಟಿಯಾದದ್ದು 1965ರಲ್ಲಿ. ಸಂಶೋಧಕ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಹಲ್ಲು ಕೊರೆದು ತಿರುಳನ್ನು ತೆರೆದುಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆತು ಕೀವಾಯಿತು. ಮೈಯಲ್ಲಿ ಒಂದು ಸೂಕ್ಷ್ಮಜೀವಿಯೂ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ, ತೂತಿಗೆ ಆಹಾರ ತುಂಬಿಕೊಂಡರೂ ತಿರುಳು ಬದುಕಿತು, ತನ್ನ ಮೇಲೆ ತಾನೇ ಗಟ್ಟಿ ಪದರ ಕಟ್ಟಿಕೊಂಡಿತು. ನಾವು ರೂಟ್ ಕೆನಾಲ್ ಮಾಡುವಾಗ ಹಲ್ಲಿಗೆ ರಬ್ಬರ್ ಹಾಳೆ ಕಟ್ಟಿ ಎಂಜಲು ಒಳಹೋಗದಂತೆ ಒದ್ದಾಡುವುದು ಇದೇ ಕಾರಣಕ್ಕೆ.

ತಣ್ಣೀರು ಕುಡಿದ್ರೆ ಜುಂ ಅನ್ನುತ್ತೆ. ನಂಗೂ ಬೇಕಾಗುತ್ತಾ?

ಎಷ್ಟು ಹೊತ್ತು ಜುಂ ಅನ್ನುತ್ತದೆ ಎಂದು ಎಣಿಸಿ. ನೀರು ನುಂಗಿದೊಡನೆ ಹೋಗಿಬಿಟ್ಟರೆ ತಿರುಳಿಗೆ ಇನ್ನೂ ಶಕ್ತಿ ಇದೆ, ಸಾಮಾನ್ಯವಾಗಿ ಸಿಮೆಂಟ್ ತುಂಬಿದರೆ ಅಥವಾ ಸವೆದ ಜಾಗಕ್ಕೆ ಲೇಪ ಹಾಕಿದರೆ ಸಾಕು. ನೀರು ಹೊಟ್ಟೆ ಸೇರಿ ಅರ್ಧ ನಿಮಿಷವಾದರೂ ಹಲ್ಲು ಮಿಡಿಯುತ್ತಿದ್ದರೆ, ಬಿಸಿ ಕಾಫಿಗೂ ನೋಯುತ್ತಿದ್ದರೆ, ಏನೂ ತಿನ್ನದೆ ಸುಮ್ಮನೆ ಕೂತಾಗಲೂ ನೋವು ಎದ್ದರೆ ತಿರುಳು ಹಿಂದಿರುಗಲಾರದ ಹಂತ ದಾಟಿರುವ ಸಾಧ್ಯತೆ ಹೆಚ್ಚು. ಬಿಸಿಗೆ ಸಿಡಿದು, ತಣ್ಣೀರು ಬಾಯಲ್ಲಿಟ್ಟುಕೊಂಡರೆ ಮಾತ್ರ ಸಮಾಧಾನ ಎಂದು ಬಾಟಲಿ ಹಿಡಿದೇ ಕ್ಲಿನಿಕ್ಕಿಗೆ ಬರುವವರಿದ್ದಾರೆ. ಅವರ ವಿಷಯದಲ್ಲಿ ಬಾಟಲಿ ನೋಡಿದಾಗಲೇ ನನಗೆ ಅರ್ಧ ಗೊತ್ತಾಗಿರುತ್ತದೆ.

ಹಗಲೆಲ್ಲ ಸುಮ್ನಿದ್ದು ರಾತ್ರಿ ಮಲಗಿದ್ರೇ ಯಾಕೆ ಶುರುವಾಗೋದು?

ಮೈಯ ಬೇರೆಲ್ಲಾದರೂ ಬಾವು ಬಂದರೆ ಊದಿಕೊಳ್ಳಲು ಜಾಗ ಇದೆ. ತಿರುಳಿನ ಸುತ್ತ ಗಟ್ಟಿ ಗೋಡೆ. ಊದಲು ಜಾಗವಿಲ್ಲದೆ ಒತ್ತಡ ನರದ ಮೇಲೆ ಬೀಳುತ್ತದೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಇನ್ನಷ್ಟು ಏರುತ್ತದೆ. ಎರಡು ದಿಂಬು ಇಟ್ಟುಕೊಂಡರೆ ಆ ರಾತ್ರಿ ಕಳೆಯಬಹುದು.

ಎರಡು ದಿನ ಜೀವ ಹೋಗೋ ಹಾಗಿತ್ತು. ಈಗ ತಾನಾಗೇ ಕಮ್ಮಿಯಾಯ್ತು. ಇನ್ನು ಯಾಕೆ ಬರಬೇಕು?

ಈ ಪುಟ ಬರೆಯಲು ಕೂತದ್ದೇ ಈ ಒಂದು ಪ್ರಶ್ನೆಗಾಗಿ. ಅಪಾಯಿಂಟ್‌ಮೆಂಟ್ ಕೊಟ್ಟು ಬರದೇ ಹೋದವರಿಗೆ ಫೋನ್ ಮಾಡಿದರೆ ಸಿಗುವ ಉತ್ತರ ಒಂದೇ: ‘ನೋವು ಹೋಯ್ತಲ್ಲ ಡಾಕ್ಟ್ರೇ.’

ನೋಯುವ ತಿರುಳಿಗೆ ಇನ್ನೂ ಜೀವ ಇದೆ. ಅದು ಸತ್ತಾಗ ನೋವೂ ನಿಲ್ಲುತ್ತದೆ. ಸತ್ತ ತಿರುಳು ಒಳಗೇ ಕೊಳೆಯುತ್ತ, ಬೇರಿನ ತುದಿಯಿಂದ ಸೋಂಕು ಮೂಳೆಗೆ ಇಳಿಯುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಎಕ್ಸ್-ರೇ ತೆಗೆದರೆ ಬೇರಿನ ತುದಿಯಲ್ಲಿ ಕಪ್ಪಗೆ ಒಂದು ವೃತ್ತ, ಅಷ್ಟು ಮೂಳೆ ಕರಗಿದೆ ಎಂದರ್ಥ. ಕೆಲವರಿಗೆ ವಸಡಿನ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ಏಳುತ್ತದೆ, ಒಡೆದು ಉಪ್ಪುಪ್ಪು ರುಚಿ ಬರುತ್ತದೆ, ಆರುತ್ತದೆ, ಮತ್ತೆ ಏಳುತ್ತದೆ. ಅದು ಕೀವು ಹೊರಹೋಗುವ ದಾರಿ. ದಾರಿ ತೆರೆದಿರುವಷ್ಟು ದಿನ ನೋವಿಲ್ಲ. ದಾರಿ ಮುಚ್ಚಿದ ದಿನ ಕೆನ್ನೆ ಊದುತ್ತದೆ, ಅದು ಹೆಚ್ಚಾಗಿ ಹಬ್ಬದ ಹಿಂದಿನ ರಾತ್ರಿಯೇ ಏಕೆ ಆಗಿರುತ್ತದೋ ಗೊತ್ತಿಲ್ಲ.

ಬುದ್ಧಿ ಹೇಳುವ ನಾನೇನೂ ಮೇಲಲ್ಲ. ನನ್ನ ಕೆಳದವಡೆಯ ಹಲ್ಲು ಒಂದು ವಾರ ಮಿಡಿದು ಸುಮ್ಮನಾದಾಗ, ಒಳಗೆ ಏನಾಗಿದೆ ಎಂದು ಚೆನ್ನಾಗಿ ಗೊತ್ತಿದ್ದೂ ಎಂಟು ತಿಂಗಳು ಮುಂದೂಡಿದೆ. ಕೊನೆಗೆ ಜೊತೆಗೆ ಓದಿದ ಗೆಳತಿಯ ಕುರ್ಚಿಯಲ್ಲಿ ಕೂತಾಗ ಅವಳು ಎಕ್ಸ್-ರೇ ತೋರಿಸಿ ಏನೂ ಹೇಳಲಿಲ್ಲ, ಸುಮ್ಮನೆ ನಕ್ಕಳು.

ಮೆಡಿಕಲ್ ಶಾಪಲ್ಲಿ ಮಾತ್ರೆ ತಗೊಂಡ್ರೆ ವಾಸಿ ಆಗಲ್ವಾ? ಲವಂಗದ ಎಣ್ಣೆ?

ಆಂಟಿಬಯೋಟಿಕ್ ರಕ್ತದ ಮೂಲಕ ಹೋಗಬೇಕು. ಸತ್ತ ತಿರುಳಿನಲ್ಲಿ ರಕ್ತ ಹರಿಯುವುದೇ ಇಲ್ಲ. ಮಾತ್ರೆ ಸುತ್ತಲಿನ ಬಾವನ್ನು ಇಳಿಸಬಹುದು, ಹಲ್ಲಿನೊಳಗಿನ ಕೊಳೆ ಹಾಗೇ ಉಳಿಯುತ್ತದೆ. ಜ್ವರ ಇದ್ದರೆ, ಬಾವು ಹರಡುತ್ತಿದ್ದರೆ ನಾವೇ ಬರೆದುಕೊಡುತ್ತೇವೆ. ಬರೀ ಹಲ್ಲುನೋವಿಗೆ ಬೇಡ.

ಲವಂಗದ ಎಣ್ಣೆಯಲ್ಲಿರುವ ಯುಜಿನಾಲ್ ನಿಜಕ್ಕೂ ನೋವು ತಗ್ಗಿಸುತ್ತದೆ, ನಮ್ಮ ತಾತ್ಕಾಲಿಕ ಸಿಮೆಂಟಿನಲ್ಲೂ ಅದೇ ಇದೆ. ಹತ್ತಿಯ ತುದಿಗೆ ಒಂದು ಹನಿ ಹಚ್ಚಿ ತೂತಿಗಿಡಿ, ವಸಡಿಗೆ ಸುರಿದುಕೊಂಡರೆ ಸುಡುತ್ತದೆ. ನೋವಿನ ಮಾತ್ರೆಯನ್ನು ನುಂಗುವ ಬದಲು ಹಲ್ಲಿನ ಪಕ್ಕ ಇಟ್ಟುಕೊಂಡು ವಸಡು ಬೆಳ್ಳಗೆ ಸುಟ್ಟುಕೊಂಡು ಬರುವವರೂ ಇದ್ದಾರೆ. ನಶ್ಯ, ಕಡ್ಡಿಪುಡಿ ಒತ್ತುವುದಂತೂ ಬೇಡವೇ ಬೇಡ.

ಬಾವು ಗದ್ದದ ಕೆಳಗೆ, ಕುತ್ತಿಗೆಯ ಕಡೆ ಇಳಿದಿದ್ದರೆ, ನಾಲಿಗೆ ಮೇಲಕ್ಕೆ ಒತ್ತಿದಂತಾಗಿ ನುಂಗಲು, ಉಸಿರಾಡಲು ಕಷ್ಟವಾದರೆ ನನ್ನ ಕ್ಲಿನಿಕ್ಕಿಗೆ ಬರಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಅದು ಜೀವಕ್ಕೇ ಅಪಾಯ.

ಹುಳುಕೇ ಇಲ್ಲ, ಆದ್ರೂ ರೂಟ್ ಕೆನಾಲ್ ಅಂತಾರಲ್ಲ?

ಬಿರುಕು ಇರಬಹುದು. ಅನ್ನದಲ್ಲಿ ಸಿಕ್ಕ ಕಲ್ಲು, ಕೋಳಿ ಮೂಳೆ, ಗಟ್ಟಿ ಕೋಡುಬಳೆ, ಹಲ್ಲಿನಲ್ಲಿ ತೆಗೆದ ಸೋಡಾ ಮುಚ್ಚಳ. ಸಂಕ್ರಾಂತಿಯಾದ ವಾರ ಕಬ್ಬನ್ನು ಹಲ್ಲಿನಿಂದಲೇ ಸಿಗಿದು ತಿಂದವರು ಮುಂದಿನ ಹಲ್ಲು ಹಿಡಿದುಕೊಂಡು ಬರುತ್ತಾರೆ. ಬಿರುಕಿನ ನೋವಿಗೆ ಒಂದು ಗುರುತು ಇದೆ: ಕಚ್ಚುವಾಗ ಅಲ್ಲ, ಕಚ್ಚಿ ಬಿಡುವಾಗ ಚುಳ್ ಅನ್ನುತ್ತದೆ. ಎಕ್ಸ್-ರೇಯಲ್ಲಿ ಅದು ಕಾಣದೇ ಇರುವುದೇ ಹೆಚ್ಚು. ಹಲ್ಲಿನ ಒಂದೊಂದು ಏಣಿನ (ಮೊನೆಯ) ಮೇಲೂ ಸಣ್ಣ ಪ್ಲಾಸ್ಟಿಕ್ ತುಂಡು ಇಟ್ಟು ಕಚ್ಚಿಸಿ ಹುಡುಕಬೇಕು. ಬಿರುಕು ಬೇರಿನವರೆಗೆ ಸೀಳಿದ್ದರೆ ರೂಟ್ ಕೆನಾಲ್‌ನಿಂದಲೂ ಉಳಿಯದು, ಕೀಳಬೇಕು.

ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಹಲ್ಲು ಸವೆದು ತಿರುಳು ಹತ್ತಿರವಾಗುತ್ತದೆ. ವಸಡಿನ ಕಾಯಿಲೆ ಬೇರಿನ ತುದಿಯವರೆಗೆ ಇಳಿದಾಗ ಸೋಂಕು ಕೆಳಗಿನಿಂದ ಮೇಲಕ್ಕೆ ಒಳನುಗ್ಗುವುದೂ ಉಂಟು. ಇನ್ನೊಂದು ಅಪರೂಪದ್ದು: ಕೆಲವರ ಕಿರುದವಡೆ ಹಲ್ಲಿನ (ಕೋರೆಹಲ್ಲಿನ ಹಿಂದಿನದು) ನಡುವೆ ಹುಟ್ಟುತ್ತಲೇ ಪುಟ್ಟ ಮೊಳಕೆಯಂಥ ಉಬ್ಬು ಇರುತ್ತದೆ, ಅದರೊಳಗೆ ತಿರುಳೂ ಇರುತ್ತದೆ. ಅಗಿಯುತ್ತ ಅದು ಮುರಿದರೆ, ಹೈಸ್ಕೂಲು ಹುಡುಗನ ಶುಭ್ರವಾದ ಹಲ್ಲಿನಲ್ಲಿ ಕೀವು. ಅಪ್ಪ ಅಮ್ಮ ಚಾಕೊಲೇಟ್ ಎಂದು ಬೈದಿರುತ್ತಾರೆ, ಪಾಪ ಅವನ ತಪ್ಪೇನೂ ಇಲ್ಲ.

ಕವಳ ಹಾಕಿದ್ರೆ ಹಲ್ಲು ಗಟ್ಟಿ ಅಂತಾರೆ ನಮ್ಮಜ್ಜಿ?

ಕವಳ ಅಂದರೆ ಎಲೆ ಅಡಿಕೆ. ಅಡಿಕೆ ಬೆಳೆಯುವ ಊರಿನಲ್ಲಿ ಕೂತು ಇದಕ್ಕೆ ಉತ್ತರ ಬರೆಯಲು ಸ್ವಲ್ಪ ಧೈರ್ಯ ಬೇಕು. ಅಡಿಕೆ ಜಗಿದು ಜಗಿದು ದವಡೆ ಹಲ್ಲಿನ ಏಣುಗಳೆಲ್ಲ ಸವೆದು ಮೇಲ್ಮೈ ಸಪಾಟಾಗುತ್ತದೆ, ನಡುವೆ ಹಳದಿ ಡೆಂಟಿನ್ ಬಟ್ಟಲಿನ ಹಾಗೆ ತಗ್ಗಾಗುತ್ತದೆ. ಕೆಲವೊಮ್ಮೆ ಹಲ್ಲೇ ಸೀಳುತ್ತದೆ. ಅಜ್ಜಿಗೆ ನೋವಾಗದೇ ಇದ್ದದ್ದಕ್ಕೆ ಕಾರಣ, ನಿಧಾನ ಸವೆತಕ್ಕೆ ತಿರುಳು ಒಳಗಿನಿಂದ ಗೋಡೆ ಕಟ್ಟಿಕೊಳ್ಳುತ್ತ ಹಿಂದೆ ಸರಿಯುತ್ತದೆ. ಕಡೆಗೊಮ್ಮೆ ಕೆಟ್ಟಾಗ ಕೊಳವೆ ಎಷ್ಟು ಕಿರಿದಾಗಿರುತ್ತದೆ ಎಂದರೆ ಹುಡುಕುವುದೇ ಅರ್ಧ ದಿನದ ಕೆಲಸ.

ಅದಕ್ಕಿಂತ ನನ್ನನ್ನು ಹೆದರಿಸುವುದು ಗುಟ್ಕಾ ತಿನ್ನುವ ಹುಡುಗರು. ಅಡಿಕೆಯಿಂದ ಕೆನ್ನೆಯ ಒಳಭಾಗ ಬಿಗಿದು ಬಾಯಿಗೆ ಎರಡು ಬೆರಳೂ ಹೋಗುವುದಿಲ್ಲ. ಹಿಂದಿನ ಹಲ್ಲಿಗೆ ರೂಟ್ ಕೆನಾಲ್ ಬೇಕೆಂದು ಗೊತ್ತಿದ್ದರೂ ಉಪಕರಣ ಒಳಹೋಗದೆ ಕೈಚೆಲ್ಲಿದ್ದಿದೆ. ಆ ಬಿಗಿತ ಬಾಯಿ ಕ್ಯಾನ್ಸರಿಗೆ ತಿರುಗಬಹುದು ಎನ್ನುವುದನ್ನೂ ಹೇಳಿಯೇ ಕಳಿಸುತ್ತೇನೆ.

ಚಿಕ್ಕವನಿದ್ದಾಗ ಬಿದ್ದಿದ್ದೆ. ಈಗ ಮದುವೆ ಹೊತ್ತಿಗೆ ಮುಂದಿನ ಹಲ್ಲು ಕಪ್ಪಾಗಿದೆ.

ಬಿದ್ದ ಪೆಟ್ಟಿನಿಂದ ಬೇರಿನ ತುದಿಯಲ್ಲಿ ರಕ್ತನಾಳ ಹರಿದು ತಿರುಳು ಸತ್ತಿರುತ್ತದೆ. ಬಣ್ಣ ಬೂದಿಯಾಗಲು ವರ್ಷಗಳೇ ಹಿಡಿಯಬಹುದು. ಹಲ್ಲು ಪೂರ್ತಿ ಕಳಚಿ ಬಿದ್ದರೆ ಏನು ಮಾಡಬೇಕೆಂದು ಪ್ರತಿ ಮನೆಯಲ್ಲೂ, ಪ್ರತಿ ಶಾಲೆಯ ಪಿ.ಟಿ. ಮೇಷ್ಟ್ರಿಗೂ ಗೊತ್ತಿರಬೇಕು: ಬೇರನ್ನು ಮುಟ್ಟದೆ ಬಿಳಿಯ ಭಾಗ ಹಿಡಿದು ಎತ್ತಿ, ಮಣ್ಣಾಗಿದ್ದರೆ ಒಮ್ಮೆ ಮೆಲ್ಲಗೆ ತೊಳೆಯಿರಿ, ಉಜ್ಜಬೇಡಿ. ಸಾಧ್ಯವಾದರೆ ಅಲ್ಲೇ ಅದರ ಗುಳಿಯಲ್ಲಿ ಕೂರಿಸಿ, ಆಗದಿದ್ದರೆ ತಣ್ಣನೆ ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ತನ್ನಿ. ಬೇರು ಪೂರ್ತಿ ಬೆಳೆದ ಹಲ್ಲಾದರೆ ಎರಡು ವಾರದೊಳಗೆ ರೂಟ್ ಕೆನಾಲ್ ಬೇಕಾಗುತ್ತದೆ. ಹಾಲುಹಲ್ಲು ಬಿದ್ದರೆ ಮಾತ್ರ ಮತ್ತೆ ಕೂರಿಸುವಂತಿಲ್ಲ.

ಹೋದ ವರ್ಷ ತಾನೆ ಸಿಮೆಂಟ್ ಹಾಕಿಸಿದ್ದು. ಸರಿಯಾಗಿ ಹಾಕಿಲ್ವಾ?

ಇರಬಹುದು, ಇಲ್ಲದೆಯೂ ಇರಬಹುದು. ಆಳದ ಹುಳುಕು ತೆಗೆಯುವಾಗ ತಿರುಳು ಕೂದಲೆಳೆಯಷ್ಟು ಹತ್ತಿರ ಇರುತ್ತದೆ. ಉಳಿಯಲಿ ಎಂದು ಔಷಧಿಯ ಪದರ ಹಾಕಿ ಮುಚ್ಚುತ್ತೇವೆ. ಹಲವು ಹಲ್ಲು ಉಳಿಯುತ್ತವೆ, ಕೆಲವು ತಿಂಗಳು ಕಳೆದು ಸೋಲುತ್ತವೆ. ನಾನು ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹೇಳದೇ ಇದ್ದರೆ ಆಮೇಲಿನ ಮಾತು ನೆಪವಾಗಿ ಕೇಳುತ್ತದೆ.

ಬೀಳೋ ಹಾಲುಹಲ್ಲಿಗೂ ಇದೆಲ್ಲ ಬೇಕಾ?

ಹಿಂದಿನ ಹಾಲುಹಲ್ಲು ಬೀಳುವುದು ಹತ್ತು ಹನ್ನೆರಡು ವಯಸ್ಸಿಗೆ. ಐದು ವರ್ಷದ ಮಗುವಿನದ್ದು ಕಿತ್ತರೆ ಅಷ್ಟು ಕಾಲ ಜಾಗ ಖಾಲಿ, ಪಕ್ಕದ ಹಲ್ಲು ವಾಲಿ ಹೊಸ ಹಲ್ಲಿಗೆ ದಾರಿ ಇಲ್ಲ. ಆದ್ದರಿಂದ ಉಳಿಸಲು ನೋಡುತ್ತೇವೆ. ತುಂಬುವ ಔಷಧಿ ಬೇರೆ, ಬೇರಿನ ಜೊತೆಗೇ ಕರಗುವಂಥದ್ದು.

ಇನ್ನೊಂದು ದೊಡ್ಡ ತಪ್ಪು ತಿಳಿವಳಿಕೆ: ಆರನೇ ವಯಸ್ಸಿಗೆ ಎಲ್ಲಕ್ಕಿಂತ ಹಿಂದೆ ಒಂದು ದವಡೆ ಹಲ್ಲು ಹುಟ್ಟುತ್ತದೆ. ಅದು ಹುಟ್ಟಲು ಆ ಜಾಗದ ಯಾವ ಹಲ್ಲೂ ಬಿದ್ದಿರುವುದಿಲ್ಲವಾದ್ದರಿಂದ ಅದೂ ಹಾಲುಹಲ್ಲು ಎಂದುಕೊಳ್ಳುತ್ತಾರೆ. ಅಲ್ಲ, ಅದು ಸಾಯುವವರೆಗೂ ಇರಬೇಕಾದ ಹಲ್ಲು. ಎಂಟನೇ ಕ್ಲಾಸಿನ ಮಕ್ಕಳಿಗೆ ರೂಟ್ ಕೆನಾಲ್ ಮಾಡುವಾಗ ನೂರಕ್ಕೆ ನೂರು ಎನ್ನುವಷ್ಟು ಸಲ ಅದೇ ಹಲ್ಲು.

ಹಲ್ಲೆಲ್ಲ ಕಂದು ಕಂದಾಗಿದೆ. ಎಲ್ಲಕ್ಕೂ ಬೇಕಾ?

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದವರಾದರೆ ಅದು ಫ್ಲೋರೈಡ್ ಕಲೆ ಇರಬಹುದು. ಕಲೆ ಬೇರೆ, ಹುಳುಕು ಬೇರೆ. ಬರೀ ಕಲೆಗೆ ಯಾರಾದರೂ ರೂಟ್ ಕೆನಾಲ್ ಎಂದರೆ ಎದ್ದು ಬನ್ನಿ.

ಕಿತ್ತೇ ಹಾಕಿಬಿಡಿ. ಆದ್ರೆ ಮೇಲಿನ ಹಲ್ಲು ಕಿತ್ರೆ ಕಣ್ಣು ಹೋಗುತ್ತಂತಲ್ಲ?

ಹೋಗುವುದಿಲ್ಲ. ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ. ಮೇಲಿನ ಹಲ್ಲು ಕೆಟ್ಟಾಗ ಕಣ್ಣಿನ ಕೆಳಗೆ ಊದುವುದನ್ನು ಕಂಡು ಹಿರಿಯರು ಹಾಗೆ ಅಂದುಕೊಂಡಿರಬೇಕು. ಕೀಳುವುದು ಕ್ಷಣದ ಕೆಲಸ, ಖರ್ಚೂ ಕಡಿಮೆ. ಆದರೆ ಆ ಜಾಗಕ್ಕೆ ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಸರೆಯ ಕಟ್ಟುಹಲ್ಲು) ಅಥವಾ ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕಿಸಲು ಹೊರಟರೆ ರೂಟ್ ಕೆನಾಲ್‌ಗಿಂತ ಹೆಚ್ಚು ಬೀಳುತ್ತದೆ. ದುಡ್ಡಿನ ತೊಂದರೆ ಇದ್ದರೆ ನಾಚಿಕೆ ಬೇಡ, ಡೆಂಟಲ್ ಕಾಲೇಜುಗಳಲ್ಲಿ ಕಡಿಮೆಗೆ ಮಾಡುತ್ತಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ಕಾಯಬೇಕಾಗುತ್ತದೆ, ಅಷ್ಟೆ.

ಯಾವ ಹಲ್ಲು ಅಂತಾನೇ ಗೊತ್ತಾಗಲ್ಲ, ಕಿವೀನೂ ನೋಯುತ್ತೆ.

ಕೆಳದವಡೆಯ ಹಿಂದಿನ ಹಲ್ಲು ಕೆಟ್ಟರೆ ಕಿವಿ ನೋಯುವುದು ಸಾಮಾನ್ಯ. ಮೇಲಿನ ಹಲ್ಲುಗಳೆಲ್ಲ ಒಟ್ಟಿಗೆ, ಬಗ್ಗಿದಾಗ ಹೆಚ್ಚಾಗಿ ನೋಯುತ್ತಿದ್ದರೆ ಸೈನಸ್ ಇರಬಹುದು. ಒಂದು ಎಚ್ಚರ: ದವಡೆ ನೋವು ನಡೆದಾಗ ಬಂದು ಕೂತಾಗ ಹೋಗುತ್ತಿದ್ದರೆ, ಜೊತೆಗೆ ಬೆವರು, ಎದೆ ಬಿಗಿತ ಇದ್ದರೆ ಅದು ಹೃದಯದ್ದಾಗಿರಬಹುದು. 108ಕ್ಕೆ ಫೋನ್ ಮಾಡಿ.

ಬೇಡದಿದ್ರೂ ದುಡ್ಡಿಗೆ ರೂಟ್ ಕೆನಾಲ್ ಮಾಡ್ತಾರಂತಲ್ಲ?

ಮಾಡುವವರು ಇದ್ದಾರೆ, ಸುಳ್ಳು ಹೇಳಲಾರೆ. ಕೇಳಿ: ಎಕ್ಸ್-ರೇ ತೋರಿಸಿ, ಹುಳುಕು ಎಲ್ಲಿಯವರೆಗೆ ಹೋಗಿದೆ ಬೆರಳಿಟ್ಟು ಹೇಳಿ. ಹಲ್ಲಿಗೆ ತಣ್ಣನೆಯದನ್ನು ತಾಗಿಸಿ ಪರೀಕ್ಷೆ ಮಾಡಿದ್ದೀರಾ? ಪಕ್ಕದ ಒಳ್ಳೆಯ ಹಲ್ಲಿಗೆ ಹೋಲಿಸಿದ್ದೀರಾ? ಸಿಮೆಂಟ್ ಹಾಕಿ ಕಾದು ನೋಡಬಹುದೇ? ಈ ಪ್ರಶ್ನೆಗೆ ಸಿಟ್ಟಾಗುವ ವೈದ್ಯರಿಗಿಂತ ಎರಡನೇ ಅಭಿಪ್ರಾಯ ಮೇಲು.

ಶುಗರ್ ಇದೆ, ರಕ್ತ ತೆಳು ಮಾಡೋ ಮಾತ್ರೆ ತಗೋತೀನಿ. ಮಗಳು ಬಸುರಿ. ಮಾಡಿಸಬಹುದಾ?

ಮಾಡಿಸಬಹುದು. ಶುಗರ್ ಹತೋಟಿಯಲ್ಲಿದ್ದರೆ ವಾಸಿಯಾಗುವುದು ಸಲೀಸು. ರಕ್ತದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬಸುರಿಗೆ ನಾಲ್ಕರಿಂದ ಆರನೇ ತಿಂಗಳು ಅನುಕೂಲ, ಆದರೆ ಕೀವಾಗಿದ್ದರೆ ಯಾವ ತಿಂಗಳಾದರೂ ಬಿಡುವಂತಿಲ್ಲ. ಹೃದಯದ ಕವಾಟ ಬದಲಿಸಿಕೊಂಡವರು ಮೊದಲೇ ಹೇಳಿ, ಮುಂಚೆ ಒಂದು ಔಷಧಿ ಕೊಡಬೇಕು. ಮೂಳೆ ಸವೆತಕ್ಕೆ ಬಿಸ್‌ಫಾಸ್ಫೊನೇಟ್ ತೆಗೆದುಕೊಳ್ಳುವವರಿಗೆ ಹಲ್ಲು ಕೀಳುವುದಕ್ಕಿಂತ ರೂಟ್ ಕೆನಾಲೇ ಕ್ಷೇಮ.

ತುಂಬಾ ನೋವಾಗುತ್ತಾ? ಒಳಗೆ ಏನು ತುಂಬ್ತೀರಿ?

ಇಂಜೆಕ್ಷನ್ ಹಿಡಿದ ಮೇಲೆ ನೋವಿಲ್ಲ. ಕೀವಾದ ಹಲ್ಲಿಗೆ ಮರಗಟ್ಟಲು ಹೊತ್ತು ಬೇಕು, ನೋವಾದರೆ ಎಡಗೈ ಎತ್ತಿ, ನಿಲ್ಲಿಸುತ್ತೇನೆ. ಮೊದಲು ಒಳಬಿಡುವ ಹತ್ತನೇ ನಂಬರಿನ ಫೈಲಿನ (ಕೊಳವೆ ಉಜ್ಜುವ ಸೂಜಿಯಂಥ ಅರ) ತುದಿಯ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ. ಮೇಲಿನ ದೊಡ್ಡ ದವಡೆ ಹಲ್ಲಿನಲ್ಲಿ ಮೂರು ಬೇರಿಗೆ ನಾಲ್ಕು ಕೊಳವೆ ಇರುವುದು ಮಾಮೂಲು, ಆ ನಾಲ್ಕನೆಯದನ್ನು ಬಿಟ್ಟರೆ ಹಲ್ಲು ಮತ್ತೆ ನೋಯಬಹುದು. ನೀರಿನ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗಿನಂಥ ವಾಸನೆ ಬಂದರೆ ಗಾಬರಿ ಬೇಡ, ಕೊಳವೆ ತೊಳೆಯುವ ದ್ರಾವಣ ಅದೇ ಜಾತಿಯದ್ದು. ಕೊನೆಗೆ ತುಂಬುವ ಗುಲಾಬಿ ಕಡ್ಡಿ ಗಟ್ಟಾ ಪರ್ಚಾ, ಸಪೋಟದ ಕುಟುಂಬಕ್ಕೆ ಸೇರಿದ ಒಂದು ಮರದ ಹಾಲಿನಿಂದ ಮಾಡಿದ್ದು.

ಕ್ಯಾಪ್ ಹಾಕಿಸಲೇಬೇಕಾ?

ದವಡೆ ಹಲ್ಲಿಗೆ ಹೌದು. ಹುಳುಕಿನಿಂದಾಗಿ, ಒಳದಾರಿ ಮಾಡಿದ್ದರಿಂದಾಗಿ ಗೋಡೆಗಳು ತೆಳುವಾಗಿರುತ್ತವೆ. ನೋವಿಲ್ಲವೆಂದು ಕ್ಯಾಪ್ ಬಿಟ್ಟು, ವರ್ಷದೊಳಗೆ ಹಲ್ಲು ಎರಡು ಹೋಳಾಗಿ ಬಂದವರನ್ನು ನೋಡಿದ್ದೇನೆ. ಮುಂದಿನ ಹಲ್ಲಿನ ಗೋಡೆ ಗಟ್ಟಿ ಇದ್ದರೆ ಬರೀ ಸಿಮೆಂಟ್ ಸಾಕಾಗಬಹುದು.

ಬರುವಾಗ ಏನು ತರಬೇಕು?

ಹಳೆಯ ಎಕ್ಸ್-ರೇ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ. ಊಟ ಮಾಡಿಕೊಂಡೇ ಬನ್ನಿ, ಆಮೇಲೆ ಎರಡು ಮೂರು ಗಂಟೆ ತುಟಿ ಮರಗಟ್ಟಿರುತ್ತದೆ, ಅರಿವಿಲ್ಲದೆ ಕೆನ್ನೆ ಕಚ್ಚಿಕೊಳ್ಳುತ್ತೀರಿ. ತಡೆದುಕೊಳ್ಳುವ ಮಟ್ಟದ ನೋವಾದರೆ ಮಾತ್ರೆ ನುಂಗದೆ ಬನ್ನಿ, ಯಾವ ಹಲ್ಲು ಎಂದು ಹುಡುಕಲು ನನಗೆ ಆ ನೋವು ಬೇಕು. ಕವಳ ಬೇಡ.